ತಲೆದಂಡ ಬೇಕೋ, ಲೆಕ್ಕ ಬೇಕೋ?

2025ರ ಜೂನ್ 4ರ ಸಂಜೆ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಗೇಟುಗಳ ಬಳಿ ನೂಕುನುಗ್ಗಲಿಗೆ ಸಿಕ್ಕಿ 11 ಜನ ಸತ್ತರು. ಮರುದಿನ ರಾತ್ರಿಯ ಹೊತ್ತಿಗೆ ನಗರ ಪೊಲೀಸ್ ಕಮಿಷನರ್ ಸೇರಿದಂತೆ ಐವರು ಪೊಲೀಸ್ ಅಧಿಕಾರಿಗಳು ಅಮಾನತಾಗಿದ್ದರು. ಮುಖ್ಯಮಂತ್ರಿಯವರ ರಾಜಕೀಯ ಕಾರ್ಯದರ್ಶಿ ಹುದ್ದೆ ಕಳೆದುಕೊಂಡರು, ಗುಪ್ತಚರ ವಿಭಾಗದ ಮುಖ್ಯಸ್ಥರ ವರ್ಗಾವಣೆಯಾಯಿತು. ವಿರೋಧ ಪಕ್ಷದವರು ಮುಖ್ಯಮಂತ್ರಿ, ಉಪಮುಖ್ಯಮಂತ್ರಿ ಇಬ್ಬರ ರಾಜೀನಾಮೆಯನ್ನೂ ಕೇಳಿದರು. ಮಂತ್ರಿಮಂಡಲದಲ್ಲಿ ಯಾರೂ ಜಾಗ ಬಿಟ್ಟು ಕದಲಲಿಲ್ಲ. ಅಮಾನತಾದವರಲ್ಲಿ ಒಬ್ಬರು ಕೇಂದ್ರ ಆಡಳಿತ ನ್ಯಾಯಮಂಡಳಿಗೆ ಹೋದರು. ಜುಲೈ 1ರಂದು ಮಂಡಳಿ ಆ ಅಮಾನತನ್ನು ರದ್ದು ಮಾಡಿತು, ಪೊಲೀಸರೇನು ಮಂತ್ರವಾದಿಗಳಲ್ಲ ಎಂಬ ಅರ್ಥದ ಮಾತನ್ನೂ ಆಡಿತು. ಕೆಲವೇ ವಾರಗಳಲ್ಲಿ ಸರ್ಕಾರವೇ ಅಮಾನತು ತೆರವು ಮಾಡಿತು.

ಈ ನಡಾವಳಿ ನಮಗೆಲ್ಲ ಬಾಯಿಪಾಠ. ದುರಂತವಾಗುತ್ತದೆ, ಪರಿಹಾರದ ಮೊತ್ತ ಘೋಷಣೆಯಾಗುತ್ತದೆ, ಕೆಳಗಿನವರ ತಲೆದಂಡವಾಗುತ್ತದೆ, ಒಂದು ಆಯೋಗ ನೇಮಕವಾಗುತ್ತದೆ. ವಿರೋಧ ಪಕ್ಷ ರಾಜೀನಾಮೆ ಕೇಳುತ್ತದೆ. ಆಳುವ ಪಕ್ಷದವರು 'ನಿಮ್ಮ ಕಾಲದಲ್ಲಿ ಆದಾಗ ಏನು ಮಾಡಿದಿರಿ' ಎಂದು ತಿರುಗಿ ಕೇಳುತ್ತಾರೆ. ಇಷ್ಟೆಲ್ಲದರ ನಡುವೆ ಒಂದು ಸಣ್ಣ ಪ್ರಶ್ನೆ ಉಳಿದೇಹೋಗುತ್ತದೆ: ಹಿಂದಿನ ರಾತ್ರಿ ಅಹಮದಾಬಾದಿನಲ್ಲಿ ಮುಗಿದ ಐಪಿಎಲ್ ಫೈನಲ್‌ನ ಗೆಲುವಿಗೆ ಮರುದಿನ ಸಂಜೆಯೇ, ವಿಧಾನಸೌಧ ಮತ್ತು ಕ್ರೀಡಾಂಗಣ ಎರಡೂ ಕಡೆ ಸಮಾರಂಭ ನಡೆಯಲಿ ಎಂದು ತೀರ್ಮಾನಿಸಿದವರು ಯಾರು, ಯಾರ ಸಲಹೆ ಪಡೆದು?

ಈ ಪ್ರಶ್ನೆಗೆ ಬೇಕಿರುವುದು ತಲೆಯಲ್ಲ, ಉತ್ತರ. ರಾಜಕೀಯ ನಾಯಕರು ವೈಫಲ್ಯದ ಹೊಣೆ ಹೊರುವುದೆಂದರೆ ರಾಜೀನಾಮೆ ಎಂದೇ ನಾವು ತಿಳಿದುಕೊಂಡಿದ್ದೇವೆ. ಸ್ವತಂತ್ರ ಭಾರತದ ಎಪ್ಪತ್ತೈದು ವರ್ಷಗಳ ಉದಾಹರಣೆಗಳನ್ನು ಎದುರಿಗಿಟ್ಟುಕೊಂಡು ನೋಡಿದರೆ, ಅದು ಹೊಣೆಯ ಅತ್ಯಂತ ಸುಲಭದ ರೂಪ ಎಂದೇ ನನಗನ್ನಿಸುತ್ತದೆ.

ಮೊದಲು ಕಾನೂನು ಏನನ್ನುತ್ತದೆ ನೋಡೋಣ. ಸಂವಿಧಾನದ 75(3)ನೇ ವಿಧಿ ಕೇಂದ್ರ ಮಂತ್ರಿಮಂಡಲ ಲೋಕಸಭೆಗೆ ಸಾಮೂಹಿಕವಾಗಿ ಹೊಣೆ ಎನ್ನುತ್ತದೆ, 164(2)ನೇ ವಿಧಿ ರಾಜ್ಯಗಳಿಗೆ ಇದನ್ನೇ ಹೇಳುತ್ತದೆ. ಒಬ್ಬ ಮಂತ್ರಿ ತನ್ನ ಇಲಾಖೆಯ ತಪ್ಪಿಗೆ ಒಬ್ಬನೇ ಹೊಣೆಯಾಗಬೇಕು ಎಂಬ ಸಾಲು ಎಲ್ಲಿಯೂ ಇಲ್ಲ. ಅದು ಬ್ರಿಟನ್ನಿನಿಂದ ಬಂದ ಸಂಪ್ರದಾಯ. ಅಲ್ಲಿಯೂ ಅದು ಕಲ್ಲಿನಲ್ಲಿ ಕೆತ್ತಿದ ನಿಯಮವೇನಲ್ಲ. ಎರಡನೇ ಮಹಾಯುದ್ಧಕ್ಕೆ ಮುಂಚೆ ಸ್ವಾಧೀನವಾದ ಜಮೀನನ್ನು ಮೂಲ ಮಾಲೀಕರ ಕುಟುಂಬಕ್ಕೆ ಮರಳಿಸುವ ವಿಷಯದಲ್ಲಿ ಅಧಿಕಾರಿಗಳು ಎಡವಿದ್ದಕ್ಕೆ 1954ರಲ್ಲಿ ಕೃಷಿ ಮಂತ್ರಿ ಥಾಮಸ್ ಡಗ್ಡೇಲ್ ರಾಜೀನಾಮೆ ಕೊಟ್ಟರು. ಅದೇ ಚರ್ಚೆಯಲ್ಲಿ ಗೃಹ ಮಂತ್ರಿ ಮ್ಯಾಕ್ಸ್‌ವೆಲ್ ಫೈಫ್ ಎದ್ದುನಿಂತು, ಮಂತ್ರಿ ಯಾವಾಗ ಅಧಿಕಾರಿಯ ಬೆನ್ನಿಗೆ ನಿಲ್ಲಬೇಕು, ಯಾವಾಗ ನಿಲ್ಲಬೇಕಿಲ್ಲ ಎಂದು ಗೆರೆ ಎಳೆದರು. ತನಗೆ ಗೊತ್ತಿಲ್ಲದೆ, ತಾನು ಒಪ್ಪದ ಕೆಲಸವನ್ನು ಅಧಿಕಾರಿ ಮಾಡಿದ್ದರೆ ಮಂತ್ರಿ ಅದನ್ನು ಸಮರ್ಥಿಸಬೇಕಿಲ್ಲ, ಆದರೆ ಏನಾಯಿತೆಂದು ಸಂಸತ್ತಿಗೆ ಲೆಕ್ಕ ಒಪ್ಪಿಸಲೇಬೇಕು ಎಂಬುದು ಅದರ ಸಾರ. ಈ ಕೊನೆಯ ಭಾಗ ನಮ್ಮ ಕಡೆಗೆ ಬರುವಾಗ ದಾರಿಯಲ್ಲೆಲ್ಲೋ ಬಿದ್ದುಹೋಯಿತು.

ನಮ್ಮಲ್ಲಿ ಈ ಮಾತು ಬಂದಾಗಲೆಲ್ಲ ಲಾಲ್ ಬಹಾದ್ದೂರ್ ಶಾಸ್ತ್ರಿಯವರ ಹೆಸರು ಬರುತ್ತದೆ. 1956ರ ನವೆಂಬರ್ 23ರಂದು ತಮಿಳುನಾಡಿನ ಅರಿಯಲೂರಿನ ಹತ್ತಿರ, ಪ್ರವಾಹಕ್ಕೆ ಸಿಕ್ಕಿದ್ದ ಮರುದೈಯಾರು ನದಿಯ ಸೇತುವೆಯಲ್ಲಿ ತೂತ್ತುಕುಡಿ ಎಕ್ಸ್‌ಪ್ರೆಸ್ ಬಿದ್ದು 140ಕ್ಕೂ ಹೆಚ್ಚು ಜನ ತೀರಿಕೊಂಡರು. ಅದೇ ವರ್ಷ ಮಹಬೂಬ್‌ನಗರದ ಬಳಿ ಆದ ಅಪಘಾತದ ನಂತರ, ರೈಲ್ವೆ ಮಂತ್ರಿಯಾಗಿದ್ದ ಅವರು ಕೊಟ್ಟಿದ್ದ ರಾಜೀನಾಮೆಯನ್ನು ನೆಹರೂ ಒಪ್ಪಿರಲಿಲ್ಲ. ಈ ಬಾರಿ ಒಪ್ಪಿದರು. ಲೋಕಸಭೆಯಲ್ಲಿ ನೆಹರೂ ಹೇಳಿದ್ದನ್ನು ಗಮನಿಸಬೇಕು: ಅಪಘಾತಕ್ಕೆ ಶಾಸ್ತ್ರಿಯವರು ಕಾರಣರೆಂದು ರಾಜೀನಾಮೆ ಒಪ್ಪುತ್ತಿಲ್ಲ, ಸಾಂವಿಧಾನಿಕ ಔಚಿತ್ಯಕ್ಕೆ ಒಂದು ಮಾದರಿ ಇರಲಿ ಎಂದು ಒಪ್ಪುತ್ತಿದ್ದೇನೆ. ತಪ್ಪು ಅವರದಲ್ಲ, ಆದರೂ ಹೋಗಲಿ. ಮುಂದಿನ ವರ್ಷದ ಚುನಾವಣೆ ಮುಗಿಯುತ್ತಿದ್ದಂತೆ ಶಾಸ್ತ್ರಿಯವರು ಸಾರಿಗೆ ಮತ್ತು ಸಂಪರ್ಕ ಮಂತ್ರಿಯಾಗಿ ಸಂಪುಟಕ್ಕೆ ಮರಳಿದರು.

ಶಾಸ್ತ್ರಿಯವರ ಪ್ರಾಮಾಣಿಕತೆಯ ಬಗ್ಗೆ ಯಾರಿಗೂ ಅನುಮಾನವಿಲ್ಲ. ಆದರೆ ಈ ಕಥೆಯನ್ನು ಹೇಳಿಕೊಂಡು ಬಂದ ರೀತಿಯಲ್ಲಿ ತೊಡಕಿದೆ. ಅದು ಒಬ್ಬ ಸಜ್ಜನನ ಗುಣಕಥನವಾಯಿತೇ ಹೊರತು ಆಡಳಿತದ ಪಾಠವಾಗಲಿಲ್ಲ. ಮಳೆಗಾಲದಲ್ಲಿ ಸೇತುವೆಗಳ ಮೇಲೆ ಕಣ್ಣಿಡುವ ಏರ್ಪಾಡು ಹೇಗಿತ್ತು, ಆ ರಾತ್ರಿ ಗಾಡಿಯನ್ನು ನಿಲ್ಲಿಸಬಹುದಿತ್ತೇ, ಆಮೇಲೆ ಏನು ಬದಲಾಯಿತು? ಶಾಸ್ತ್ರಿಯವರ ಹೆಸರು ಹೇಳುವ ನೂರು ಭಾಷಣಗಳಲ್ಲಿ ಒಂದರಲ್ಲೂ ಈ ಪ್ರಶ್ನೆ ಬರುವುದಿಲ್ಲ.

ಆಮೇಲಿನ ರೈಲ್ವೆ ಮಂತ್ರಿಗಳ ಮಾತು ಬೇರೆ. 1999ರ ಆಗಸ್ಟ್ 2ರಂದು ಪಶ್ಚಿಮ ಬಂಗಾಳದ ಗೈಸಲ್‌ನಲ್ಲಿ ಎರಡು ರೈಲುಗಳು ಎದುರುಬದುರಾಗಿ ಡಿಕ್ಕಿ ಹೊಡೆದಾಗ ನಿತೀಶ್ ಕುಮಾರ್ ರಾಜೀನಾಮೆ ಕೊಟ್ಟರು. ವಾಜಪೇಯಿ ಸರ್ಕಾರ ಆಗ ವಿಶ್ವಾಸಮತ ಕಳೆದುಕೊಂಡು ಹಂಗಾಮಿಯಾಗಿತ್ತು, ಚುನಾವಣೆ ಬಾಗಿಲಲ್ಲೇ ಇತ್ತು. ಅಕ್ಟೋಬರಿನಲ್ಲಿ ಅವರು ಮತ್ತೆ ಕೇಂದ್ರ ಮಂತ್ರಿ, 2001ರಲ್ಲಿ ಮತ್ತೆ ರೈಲ್ವೆ ಮಂತ್ರಿ. 2017ರ ಆಗಸ್ಟಿನಲ್ಲಿ ಉತ್ತರ ಪ್ರದೇಶದಲ್ಲಿ ಒಂದೇ ವಾರದೊಳಗೆ ಎರಡು ರೈಲುಗಳು ಹಳಿ ತಪ್ಪಿದಾಗ ಸುರೇಶ್ ಪ್ರಭು ನೈತಿಕ ಹೊಣೆ ಹೊರುವುದಾಗಿ ಹೇಳಿದರು. ಪ್ರಧಾನಿ ಕಾಯಲು ಹೇಳಿದರು. ಸೆಪ್ಟೆಂಬರಿನ ಪುನರ್ರಚನೆಯಲ್ಲಿ ಅವರಿಗೆ ವಾಣಿಜ್ಯ ಖಾತೆ ಬಂತು. 2023ರ ಜೂನ್ 2ರಂದು ಒಡಿಶಾದ ಬಾಲೇಶ್ವರದ ಬಳಿ ಮೂರು ರೈಲುಗಳ ಅಪಘಾತದಲ್ಲಿ ಮುನ್ನೂರರ ಹತ್ತಿರ ಜನ ಸತ್ತರು. ಬೆಂಗಳೂರಿನಿಂದ ಹೊರಟಿದ್ದ ಹೌರಾ ಎಕ್ಸ್‌ಪ್ರೆಸ್ ಕೂಡ ಅದರಲ್ಲಿ ಸಿಕ್ಕಿಕೊಂಡಿತ್ತು. ಮಂತ್ರಿ ರಾಜೀನಾಮೆ ಕೊಡಲಿಲ್ಲ, ಮೂವರು ರೈಲ್ವೆ ನೌಕರರನ್ನು ಸಿಬಿಐ ಬಂಧಿಸಿತು.

ಬಾಲೇಶ್ವರದಲ್ಲಿ ಮಂತ್ರಿ ಅಪಘಾತದ ಜಾಗದಲ್ಲೇ ನಿಂತು ಹಳಿ ಮರುಜೋಡಣೆ ಮುಗಿಯುವವರೆಗೆ ಕೆಲಸ ಮಾಡಿಸಿದರು, ಓಡಿಹೋಗುವುದಕ್ಕಿಂತ ಇದು ವಾಸಿ ಎಂದು ವಾದಿಸಿದವರಿದ್ದರು. ಆ ಮಾತನ್ನು ತಳ್ಳಿಹಾಕುವಂತಿಲ್ಲ. ಹೊತ್ತಿ ಉರಿಯುವ ಮನೆಯಿಂದ ಯಜಮಾನ ಹೊರನಡೆದರೆ ಬೆಂಕಿ ಆರುವುದಿಲ್ಲ. ಆದರೆ ನಿಂತವರು ಲೆಕ್ಕ ಕೊಟ್ಟರೇ? ನಮ್ಮ ರೈಲ್ವೆಯಲ್ಲಿ ಅಪಘಾತಗಳ ತನಿಖೆ ಮಾಡುವ ರೈಲ್ವೆ ಸುರಕ್ಷತಾ ಆಯೋಗ ರೈಲ್ವೆ ಮಂತ್ರಾಲಯದ ಕೈಕೆಳಗಿಲ್ಲ, ವಿಮಾನಯಾನ ಮಂತ್ರಾಲಯದ ಕೆಳಗಿದೆ. ತಪ್ಪು ಮಾಡಿದ ಇಲಾಖೆಯೇ ತನಿಖೆ ಮಾಡಬಾರದು ಎಂಬ ಹಳೆಯ ವಿವೇಕ ಅದು. ಸಿಗ್ನಲ್ ತಂತಿಗಳ ಬದಲಾವಣೆ ಮಾಡುವಾಗ ಹಿಂದೆಯೂ ಆಗಲೂ ಆದ ಲೋಪಗಳೇ ಕಾರಣ ಎಂದು ಆ ವರದಿಯ ಸಾರಾಂಶವನ್ನು ಮಂತ್ರಿಗಳು ರಾಜ್ಯಸಭೆಗೆ ಕೊಟ್ಟ ಉತ್ತರದಲ್ಲಿ ಹೇಳಿದರು. ಒಂದು ಉತ್ತರದಲ್ಲಿ ಕೆಲವು ಸಾಲು. ಹಿಂದೆ ಆದ ಲೋಪ ಮೇಲಿನವರೆಗೆ ಏಕೆ ಮುಟ್ಟಲಿಲ್ಲ ಎಂಬುದು ಮೂವರು ನೌಕರರ ಬಂಧನದಿಂದ ಗೊತ್ತಾಗುವ ವಿಷಯವಲ್ಲ.

ನಮ್ಮ ಇತಿಹಾಸದಲ್ಲಿ ಹೊಣೆ ಎಂಬುದು ಪೂರ್ತಿಯಾಗಿ, ಎಲ್ಲರ ಕಣ್ಣೆದುರಿಗೆ ನಡೆದ ಒಂದು ಪ್ರಸಂಗವಿದೆ. ಅದು ಶಾಸ್ತ್ರಿಯವರದಲ್ಲ, ಟಿ.ಟಿ. ಕೃಷ್ಣಮಾಚಾರಿಯವರದು. ಆಗತಾನೆ ರಾಷ್ಟ್ರೀಕರಣಗೊಂಡಿದ್ದ ಜೀವ ವಿಮಾ ನಿಗಮ, ಹರಿದಾಸ್ ಮುಂಧ್ರಾ ಎಂಬ ಉದ್ಯಮಿಯ ಮುಗ್ಗರಿಸುತ್ತಿದ್ದ ಕಂಪನಿಗಳ ಷೇರುಗಳಿಗೆ ಒಂದೂಕಾಲು ಕೋಟಿ ರೂಪಾಯಿಯಷ್ಟು ಹಣ ಸುರಿದಿತ್ತು. 1957ರ ಡಿಸೆಂಬರಿನಲ್ಲಿ ಇದನ್ನು ಲೋಕಸಭೆಯಲ್ಲಿ ಎತ್ತಿದವರು ವಿರೋಧ ಪಕ್ಷದವರಲ್ಲ, ಕಾಂಗ್ರೆಸ್ಸಿನದೇ ಸದಸ್ಯರಾದ, ಪ್ರಧಾನಿಯ ಅಳಿಯ ಫಿರೋಜ್ ಗಾಂಧಿ. ಬಾಂಬೆ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ಎಂ.ಸಿ. ಛಾಗ್ಲಾ ಅವರ ಏಕಸದಸ್ಯ ಆಯೋಗ ಬಾಂಬೆಯಲ್ಲಿ ಬಹಿರಂಗವಾಗಿಯೇ ವಿಚಾರಣೆ ನಡೆಸಿತು. ಒಳಗೆ ಜಾಗ ಸಾಲದೆ ಹೊರಗೆ ನೆರೆದ ಜನಕ್ಕೆ ಕೇಳಲೆಂದು ಧ್ವನಿವರ್ಧಕ ಹಾಕಿಸಿದರು. ಹಣಕಾಸು ಮಂತ್ರಿ, ಅವರ ಕಾರ್ಯದರ್ಶಿ ಎಚ್.ಎಂ. ಪಟೇಲ್, ರಿಸರ್ವ್ ಬ್ಯಾಂಕಿನ ಗವರ್ನರ್ ಒಬ್ಬೊಬ್ಬರಾಗಿ ಬಂದು ಸಾಕ್ಷಿ ಹೇಳಿದರು. ಮಂತ್ರಿ ಹೇಳಿದ್ದಕ್ಕೂ ಕಾರ್ಯದರ್ಶಿ ಹೇಳಿದ್ದಕ್ಕೂ ತಾಳೆಯಾಗಲಿಲ್ಲ. ಅದು ಪೇಟೆಯ ಜನರ ಕಿವಿಗೇ ನೇರವಾಗಿ ಬಿತ್ತು.

ಕೆಲವೇ ವಾರಗಳಲ್ಲಿ, 1958ರ ಫೆಬ್ರವರಿಯಲ್ಲಿ, ಛಾಗ್ಲಾ ವರದಿ ಬಂತು. ಕಾರ್ಯದರ್ಶಿ ಮಾಡಿದ ಕೆಲಸಕ್ಕೆ ಮಂತ್ರಿಯೇ ಸಂವಿಧಾನದ ಪ್ರಕಾರ ಹೊಣೆ, ಅಧಿಕಾರಿಯ ಹಿಂದೆ ಅಡಗಿಕೊಳ್ಳುವಂತಿಲ್ಲ ಎಂಬುದು ಅದರ ತೀರ್ಮಾನ. ಕೃಷ್ಣಮಾಚಾರಿ ರಾಜೀನಾಮೆ ಕೊಟ್ಟರು. ಛಾಗ್ಲಾ ವಿಚಾರಣೆ ನಡೆಸಿದ ರೀತಿ ನೆಹರೂ ಅವರಿಗೆ ಹಿಡಿಸಿರಲಿಲ್ಲ, ಆದರೂ ವರದಿಯನ್ನು ಯಾರೂ ಮುಚ್ಚಿಡಲಿಲ್ಲ. ಕೃಷ್ಣಮಾಚಾರಿ 1962ರಲ್ಲಿ ಸಂಪುಟಕ್ಕೆ ಮರಳಿ ಮುಂದೆ ಮತ್ತೊಮ್ಮೆ ಹಣಕಾಸು ಮಂತ್ರಿಯಾದರು. ಇತ್ತ ಎಚ್.ಎಂ. ಪಟೇಲ್ ರಾಜಕೀಯಕ್ಕೆ ಇಳಿದು 1977ರ ಜನತಾ ಸರ್ಕಾರದಲ್ಲಿ ಅದೇ ಹಣಕಾಸು ಖಾತೆಯ ಮಂತ್ರಿಯಾದರು! ಅವರು ಮರಳಿದ್ದಕ್ಕೆ ನನ್ನ ಆಕ್ಷೇಪವಿಲ್ಲ. ಏನಾಯಿತು, ಯಾರು ಏನು ಹೇಳಿದರು ಎಂಬುದು ಊರಿಗೆಲ್ಲ ಗೊತ್ತಾದ ಮೇಲೆ ಮರಳಿದರು. ಅಲ್ಲಿ ಜನರಿಗೆ ಮೋಸವಾಗಲಿಲ್ಲ.

ಇನ್ನೆರಡು ವೈಫಲ್ಯಗಳನ್ನು ಅಕ್ಕಪಕ್ಕ ಇಡುತ್ತೇನೆ. 1962ರಲ್ಲಿ ಚೀನಾದ ಎದುರು ಸೋತಾಗ ರಕ್ಷಣಾ ಮಂತ್ರಿ ವಿ.ಕೆ. ಕೃಷ್ಣ ಮೆನನ್ ಹೋಗಬೇಕಾಯಿತು. ಇಡೀ ದೇಶ ಅವರ ತಲೆ ಕೇಳಿತ್ತು, ಸಿಕ್ಕಿತು. ಆ ಸೋಲಿನ ಕಾರಣಗಳನ್ನು ಸೇನೆಯ ಒಳಗೇ ಪರಿಶೀಲಿಸಿ ಹೆಂಡರ್ಸನ್ ಬ್ರೂಕ್ಸ್ ಮತ್ತು ಭಗತ್ ಬರೆದ ವರದಿಯನ್ನು ಭಾರತ ಸರ್ಕಾರ ಇಂದಿಗೂ ಅಧಿಕೃತವಾಗಿ ಪ್ರಕಟಿಸಿಲ್ಲ. ಅದರ ಒಂದು ಭಾಗವನ್ನು 2014ರಲ್ಲಿ ಆಸ್ಟ್ರೇಲಿಯದ ಪತ್ರಕರ್ತ ನೆವಿಲ್ ಮ್ಯಾಕ್ಸ್‌ವೆಲ್ ಅಂತರ್ಜಾಲಕ್ಕೆ ಹಾಕಿದ ಮೇಲೂ ಇಲ್ಲ. ವಿರೋಧ ಪಕ್ಷದಲ್ಲಿದ್ದಾಗ ಪ್ರಕಟಿಸಿ ಎಂದು ಕೇಳಿದವರು ಅಧಿಕಾರಕ್ಕೆ ಬಂದ ಮೇಲೆ ಸುಮ್ಮನಾದರು. 1999ರಲ್ಲಿ ಕಾರ್ಗಿಲ್ ಗುಡ್ಡಗಳ ಮೇಲೆ ಪಾಕಿಸ್ತಾನದವರು ಬಂದು ಕೂತಿದ್ದು ನಮಗೆ ತಡವಾಗಿ ಗೊತ್ತಾಯಿತು. ಅದು ಗುಪ್ತಚರ ವ್ಯವಸ್ಥೆಯ ವೈಫಲ್ಯ ಎಂಬುದರಲ್ಲಿ ಸಂಶಯವಿಲ್ಲ. ಯಾವ ಮಂತ್ರಿಯೂ ರಾಜೀನಾಮೆ ಕೊಡಲಿಲ್ಲ. ಆದರೆ ಕದನ ಮುಗಿದ ಕೂಡಲೇ ಕೆ. ಸುಬ್ರಹ್ಮಣ್ಯಂ ನೇತೃತ್ವದಲ್ಲಿ ಪರಿಶೀಲನಾ ಸಮಿತಿ ಕೂತಿತು, 2000ದ ಫೆಬ್ರವರಿಯಲ್ಲಿ ಅದರ ವರದಿ ಕೆಲವು ಭಾಗಗಳನ್ನು ಮರೆಮಾಡಿ ಸಂಸತ್ತಿನ ಮುಂದೆ ಬಂತು. ಅಂಗಡಿಯಲ್ಲಿ ಪುಸ್ತಕವಾಗಿಯೂ ಸಿಕ್ಕಿತು. ರಕ್ಷಣಾ ಗುಪ್ತಚರ ಸಂಸ್ಥೆ ಹುಟ್ಟಿದ್ದು, ಎಷ್ಟೋ ವರ್ಷಗಳ ನಂತರ ಮೂರೂ ಸೇನೆಗಳ ಮೇಲೊಬ್ಬ ಮುಖ್ಯಸ್ಥನನ್ನು ನೇಮಿಸಿದ್ದು ಆಗ ಹೊರಟ ಚರ್ಚೆಯ ಬಲದಿಂದ. ಸಮಿತಿ ವ್ಯಕ್ತಿಗಳ ಮೇಲೆ ಹೊಣೆ ಹೊರಿಸಲಿಲ್ಲ ಎಂಬ ಟೀಕೆ ಇದೆ, ಅದು ನ್ಯಾಯವಾದದ್ದೇ. ಆದರೂ ಈ ಎರಡರಲ್ಲಿ ಒಂದನ್ನು ಆರಿಸು ಎಂದರೆ ನಾನು ಎರಡನೆಯದನ್ನೇ ಆರಿಸುತ್ತೇನೆ.

ಕ್ಷಮೆ ಕೇಳುವುದರಲ್ಲೂ ಇಂಥದೇ ಸಿಕ್ಕುಗಳಿವೆ. ತುರ್ತು ಪರಿಸ್ಥಿತಿಯ ಅತಿರೇಕಗಳಿಗೆ ತಾನೇ ಹೊಣೆ ಎಂದು ಇಂದಿರಾ ಗಾಂಧಿ 1978ರ ಜನವರಿಯಲ್ಲಿ ಮಹಾರಾಷ್ಟ್ರದ ಯವತ್ಮಾಳದ ಸಭೆಯಲ್ಲಿ ಹೇಳಿದರು. ಅದೇ ತಿಂಗಳು ದೆಹಲಿಯಲ್ಲಿ ನ್ಯಾಯಮೂರ್ತಿ ಜೆ.ಸಿ. ಷಾ ಆಯೋಗದ ಮುಂದೆ ಪ್ರಮಾಣ ಮಾಡಿ ಸಾಕ್ಷಿ ಹೇಳಲು ಒಪ್ಪಲಿಲ್ಲ. ಸಾರ್ವಜನಿಕ ಸಭೆಯಲ್ಲಿ ಯಾರೂ ಪಾಟೀಸವಾಲು ಮಾಡುವುದಿಲ್ಲ, ಆಯೋಗದ ಮುಂದೆ ಮಾಡುತ್ತಾರೆ. 1984ರ ಸಿಖ್ ಹತ್ಯಾಕಾಂಡಕ್ಕಾಗಿ 2005ರ ಆಗಸ್ಟಿನಲ್ಲಿ ರಾಜ್ಯಸಭೆಯಲ್ಲಿ ನಾಚಿಕೆಯಿಂದ ತಲೆತಗ್ಗಿಸಿ ಕ್ಷಮೆ ಕೇಳಿದವರು ಮನಮೋಹನ್ ಸಿಂಗ್. ಅದು ಘನತೆಯ ಮಾತು, ಮನಸ್ಸಿನಿಂದ ಬಂದದ್ದು. ಆದರೆ 21 ವರ್ಷ ತಡವಾಗಿ, 1984ರಲ್ಲಿ ಅಧಿಕಾರದಲ್ಲಿ ಇಲ್ಲದವರ ಬಾಯಿಂದ ಬಂತು.

ನಾಯಕರು ತಪ್ಪೊಪ್ಪಿಕೊಂಡರೆ ಜನ ದೂರವಾಗುತ್ತಾರೆ ಎಂಬ ಭಯಕ್ಕೆ ಆಧಾರ ಕಡಿಮೆ. 1961ರ ಏಪ್ರಿಲ್‌ನಲ್ಲಿ ಕ್ಯೂಬಾ ಮೇಲಿನ ದಾಳಿ ನೆಲಕಚ್ಚಿದಾಗ, ಸರ್ಕಾರದ ಹೊಣೆಗಾರ ನಾನೇ ಎಂದು ಅಮೆರಿಕದ ಅಧ್ಯಕ್ಷ ಕೆನಡಿ ಪತ್ರಕರ್ತರ ಮುಂದೆ ಹೇಳಿದರು. ಆಮೇಲಿನ ಗ್ಯಾಲಪ್ ಸಮೀಕ್ಷೆಯಲ್ಲಿ ಅವರಿಗೆ ಸಿಕ್ಕ ಜನಬೆಂಬಲ 83 ಪ್ರತಿಶತ. ಆ ವರ್ಷ ಮುಗಿಯುವುದರೊಳಗೆ ಸಿಐಎ ಮುಖ್ಯಸ್ಥ ಅಲೆನ್ ಡಲ್ಲೆಸ್‌ರನ್ನು ಮನೆಗೆ ಕಳಿಸಿದ್ದೂ ನಿಜವೇ. ಇತ್ತೀಚಿನದೆಂದರೆ, ಸಾವಿರಾರು ಪಾಲಕರನ್ನು ಮಕ್ಕಳ ಆರೈಕೆ ಭತ್ಯೆಯ ವಂಚಕರೆಂದು ಸುಳ್ಳೇ ಹೆಸರಿಸಿ ಹಣ ವಾಪಸು ಕಿತ್ತುಕೊಂಡ ಹಗರಣಕ್ಕೆ ನೆದರ್ಲೆಂಡ್ಸ್‌ನಲ್ಲಿ ಮಾರ್ಕ್ ರುಟ್ಟೆ ಅವರ ಇಡೀ ಸಂಪುಟ 2021ರ ಜನವರಿಯಲ್ಲಿ ರಾಜೀನಾಮೆ ಕೊಟ್ಟಿತು. ಮಾರ್ಚ್ ಚುನಾವಣೆಯಲ್ಲಿ ಅವರ ಪಕ್ಷವೇ ಮತ್ತೆ ಮೊದಲ ಸ್ಥಾನ ಪಡೆಯಿತು, ರುಟ್ಟೆಯವರೇ ಮತ್ತೆ ಪ್ರಧಾನಿ. ಅಲ್ಲಿ ಸಂಪುಟವನ್ನು ಉರುಳಿಸಿದ್ದು ಸಂಸತ್ತಿನ ವಿಚಾರಣಾ ಸಮಿತಿಯ ವರದಿ ಎಂಬುದನ್ನು ಮರೆಯಬಾರದು.

ಕರ್ನಾಟಕಕ್ಕೆ ಬಂದರೆ, ಈ ವಿಷಯದಲ್ಲಿ ನಮ್ಮವರೇ ಆದ ಒಬ್ಬ ವಿಶೇಷ ವ್ಯಕ್ತಿ ಮುಖ್ಯಮಂತ್ರಿಯಾಗಿದ್ದ ರಾಮಕೃಷ್ಣ ಹೆಗಡೆ. 1984ರ ಕೊನೆಯ ಲೋಕಸಭಾ ಚುನಾವಣೆಯಲ್ಲಿ ರಾಜ್ಯದ 28ರಲ್ಲಿ ಜನತಾ ಪಕ್ಷಕ್ಕೆ ಬಂದದ್ದು 4 ಸ್ಥಾನ. ವಿಧಾನಸಭೆಯಲ್ಲಿ ಯಾರೂ ಅವಿಶ್ವಾಸ ತಂದಿರಲಿಲ್ಲ, ಆದರೂ ಜನರ ವಿಶ್ವಾಸ ಹೋಗಿದೆ ಎಂದು ರಾಜೀನಾಮೆ ಕೊಟ್ಟು ಮತ್ತೆ ಚುನಾವಣೆಗೆ ಹೋದರು. 1985ರ ಮಾರ್ಚ್‌ನಲ್ಲಿ 139 ಸ್ಥಾನ ಗೆದ್ದು ಬಂದರು. ಮರುವರ್ಷ ಸಾರಾಯಿ ಬಾಟಲಿಂಗ್ ಗುತ್ತಿಗೆಯ ವಿಷಯದಲ್ಲಿ ಹೈಕೋರ್ಟು ಛೀಮಾರಿ ಹಾಕಿದಾಗ ರಾಜೀನಾಮೆ ಕೊಟ್ಟು, ಮೂರೇ ದಿನದಲ್ಲಿ ಹಿಂತೆಗೆದುಕೊಂಡರು. 1988ರಲ್ಲಿ ದೂರವಾಣಿ ಕದ್ದಾಲಿಕೆಯ ಪ್ರಕರಣದಲ್ಲಿ ಕೊಟ್ಟದ್ದು ಮಾತ್ರ ಕೊನೆಯದಾಯಿತು. ಮೂರು ರಾಜೀನಾಮೆಗಳಲ್ಲಿ ಮೊದಲನೆಯದು ಅಪ್ಪಟ. ಎರಡನೆಯದು, ನನ್ನ ಮಟ್ಟಿಗೆ, ನಾಟಕ. ರಾಜೀನಾಮೆಯೂ ಒಂದು ಜಾಣ ನಡೆಯಾಗಬಹುದೆಂದು ರಾಜ್ಯದ ರಾಜಕಾರಣಿಗಳು ಕಲಿತದ್ದು ಆಗಲೇ ಇರಬೇಕು.

ಈಚಿನ ವರ್ಷಗಳಲ್ಲಿ ಇಲ್ಲಿನ ಮಂತ್ರಿಗಳ ಹಲವು ರಾಜೀನಾಮೆಗಳು ಎಫ್‌ಐಆರ್‌ನ ಸುತ್ತ ನಡೆದಿವೆ. 2016ರಲ್ಲಿ ಡಿವೈಎಸ್‌ಪಿ ಒಬ್ಬರ ಸಾವಿನ ಪ್ರಕರಣದಲ್ಲಿ ಕೆ.ಜೆ. ಜಾರ್ಜ್, 2022ರಲ್ಲಿ ಗುತ್ತಿಗೆದಾರರೊಬ್ಬರ ಸಾವಿನ ಪ್ರಕರಣದಲ್ಲಿ ಕೆ.ಎಸ್. ಈಶ್ವರಪ್ಪ. ಇಬ್ಬರ ವಿರುದ್ಧದ ಆರೋಪಕ್ಕೂ ಪೊಲೀಸ್ ತನಿಖೆಯಲ್ಲಿ ಆಧಾರ ಸಿಗಲಿಲ್ಲ, ಜಾರ್ಜ್ ಎರಡೇ ತಿಂಗಳಲ್ಲಿ ಸಂಪುಟಕ್ಕೆ ಮರಳಿದರು. ಆರೋಪ ಬಂದಾಗ ಬದಿಗೆ ಸರಿದು ನಿಲ್ಲುವುದು ಬೇರೆ ವಿಷಯ. ಆಡಳಿತ ಸೋತಾಗ ಎದ್ದುನಿಂತು ಉತ್ತರ ಹೇಳುವುದು ಬೇರೆ. ಎರಡನೆಯದಕ್ಕೆ ನಮ್ಮ ರಾಜ್ಯದಲ್ಲಿ ಉದಾಹರಣೆ ಹುಡುಕಬೇಕು.

ಚಾಮರಾಜನಗರವನ್ನೇ ನೋಡಿ. ಕೋವಿಡ್ ಕಾಲದಲ್ಲಿ, 2021ರ ಮೇ 2ರ ರಾತ್ರಿಯಿಂದ ಮರುದಿನದವರೆಗೆ ಜಿಲ್ಲಾಸ್ಪತ್ರೆಯಲ್ಲಿ 24 ಜನ ರೋಗಿಗಳು ಸತ್ತರು. ಆ ಜಿಲ್ಲೆಗೆ ಆಮ್ಲಜನಕದ ಸಿಲಿಂಡರುಗಳು ಬರಬೇಕಾಗಿದ್ದುದು ಮೈಸೂರಿನಿಂದ. ಸಿಲಿಂಡರು ಬರಲಿಲ್ಲ, ಬರಲು ಬಿಡಲಿಲ್ಲ ಎಂದು ಎರಡು ಜಿಲ್ಲಾಡಳಿತಗಳು ಬಹಿರಂಗವಾಗಿ ಕಿತ್ತಾಡಿದವು. ಆಮ್ಲಜನಕ ಸಿಗದೆ ಸತ್ತವರು ಮೂವರೇ ಎಂದು ಸರ್ಕಾರದ ಕಡೆಯಿಂದ ಮೊದಲು ಮಾತು ಬಂತು. ಹೈಕೋರ್ಟಿನ ಸೂಚನೆಯಂತೆ ರಚನೆಯಾದ, ನಿವೃತ್ತ ನ್ಯಾಯಮೂರ್ತಿ ಎ.ಎನ್. ವೇಣುಗೋಪಾಲ ಗೌಡರ ಸಮಿತಿ ಬಂದು ದಾಖಲೆಗಳನ್ನು ತಿರುವಿಹಾಕಿದ ಮೇಲೆ ಆ ಲೆಕ್ಕ ನಿಲ್ಲಲಿಲ್ಲ. ಸರ್ಕಾರ ಪ್ರತ್ಯೇಕವಾಗಿ ನ್ಯಾಯಮೂರ್ತಿ ಬಿ.ಎ. ಪಾಟೀಲರ ಆಯೋಗವನ್ನೂ ನೇಮಿಸಿತು. ಆ ರಾತ್ರಿ ವಾರ್ಡಿನಲ್ಲಿ ಗಂಡನಿಗೆ ಬೀಸಣಿಗೆ ಬೀಸುತ್ತಿದ್ದವಳಿಗೆ ಇದೆಲ್ಲದರಿಂದ ಸಿಕ್ಕಿದ್ದೇನು? ಆರೋಗ್ಯ ಮಂತ್ರಿ ರಾಜೀನಾಮೆ ಕೊಡಬೇಕಿತ್ತೇ ಎಂಬ ಚರ್ಚೆಗಿಂತ, ಜಿಲ್ಲೆಗೆ ದಿನಕ್ಕೆ ಎಷ್ಟು ಸಿಲಿಂಡರ್ ಬೇಕೆಂದು ಬೆಂಗಳೂರಿಗೆ ಯಾವ ತಾರೀಕಿಗೆ ಗೊತ್ತಾಯಿತು, ಆಮೇಲೆ ಮೇಲಿನವರು ಏನು ಮಾಡಿದರು ಎಂದು ಮಂತ್ರಿ ಸದನದಲ್ಲಿ ತಾರೀಕು, ಗಂಟೆ ಸಮೇತ ಹೇಳಿದ್ದರೆ ಅದು ಹೊಣೆ. ಎರಡು ತಿಂಗಳ ನಂತರ ಕೇಂದ್ರ ಸರ್ಕಾರ ರಾಜ್ಯಸಭೆಗೆ ಕೊಟ್ಟ ಉತ್ತರದಲ್ಲಿ, ಆಮ್ಲಜನಕದ ಕೊರತೆಯಿಂದ ಸಾವು ಸಂಭವಿಸಿದೆ ಎಂದು ರಾಜ್ಯಗಳು ನಿರ್ದಿಷ್ಟವಾಗಿ ವರದಿ ಮಾಡಿಲ್ಲ ಎಂದಿತ್ತು. ಸಾವೇ ದಾಖಲಾಗದಿದ್ದರೆ ಹೊಣೆಯ ಮಾತು ಎಲ್ಲಿಂದ ಬರಬೇಕು?

ಚಾಮರಾಜನಗರದ ಹೊತ್ತಿಗೆ ಇದ್ದದ್ದು ಬಿಜೆಪಿ ಸರ್ಕಾರ, ಚಿನ್ನಸ್ವಾಮಿಯ ಹೊತ್ತಿಗೆ ಕಾಂಗ್ರೆಸ್ ಸರ್ಕಾರ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದರಲ್ಲಿ ಇಬ್ಬರಿಗೂ ವ್ಯತ್ಯಾಸವಿಲ್ಲ. ಪೊಲೀಸ್ ಇನ್‌ಸ್ಪೆಕ್ಟರು, ಜಿಲ್ಲಾಧಿಕಾರಿ, ಆಸ್ಪತ್ರೆಯ ಅಧೀಕ್ಷಕ ಇವರೆಲ್ಲ ತಪ್ಪು ಮಾಡಿರಲೂಬಹುದು. ಆದರೆ ವರದಿ ಬರುವ ಮೊದಲೇ ಅಮಾನತು ಮಾಡುವ ಸರ್ಕಾರಕ್ಕೆ ತಪ್ಪು ಯಾರದೆಂದು ಹೇಗೆ ಗೊತ್ತಾಯಿತು? ಅವಸರದ ಅಮಾನತಿನಿಂದ ಆಗುವ ದೊಡ್ಡ ಹಾನಿಯೆಂದರೆ, ಮುಂದಿನ ಬಾರಿ 'ಈ ಸಮಾರಂಭ ಬೇಡ ಸ್ವಾಮಿ' ಎಂದು ಬರೆದುಕೊಡುವ ಅಧಿಕಾರಿಯೂ ಸಿಗುವುದಿಲ್ಲ.

ತಪ್ಪು ಇದರಲ್ಲಿ ವಿರೋಧ ಪಕ್ಷಗಳದ್ದೂ ಇದೆ, ನಮ್ಮ ಪತ್ರಿಕೆಗಳದ್ದೂ ಇದೆ. ಮಂತ್ರಿ ಬಾಯಿ ಬಿಟ್ಟು ಒಂದು ಲೋಪ ಒಪ್ಪಿಕೊಂಡರೆ ಸಂಜೆಯ ಟಿವಿಯಲ್ಲಿ ಅದು ತಪ್ಪೊಪ್ಪಿಗೆ, ಮರುದಿನ ಸದನದ ಬಾವಿಯಲ್ಲಿ ರಾಜೀನಾಮೆಯ ಘೋಷಣೆ. ಹೀಗಿರುವಾಗ ಜಾಣ ಮಂತ್ರಿ ಬಾಯಿಗೆ ಬೀಗ ಹಾಕಿಕೊಂಡು ಎಲ್ಲವನ್ನೂ ಆಯೋಗದ ಮೇಲೆ ಹಾಕುತ್ತಾನೆ. ಸದನ ಕೂರುವ ದಿನಗಳಾದರೂ ಎಷ್ಟು? ವರ್ಷಕ್ಕೆ ಕನಿಷ್ಠ 60 ದಿನ ಅಧಿವೇಶನ ನಡೆಯಬೇಕೆಂದು ಕರ್ನಾಟಕ 2005ರಲ್ಲೇ ಕಾಯ್ದೆ ಮಾಡಿಕೊಂಡಿದೆ. ಅಷ್ಟು ದಿನ ಕೂತ ವರ್ಷಗಳು ಅಪರೂಪ.

ಹೊಸ ಕಾನೂನೇನೂ ಬೇಕಾಗಿಲ್ಲ. 1952ರ ವಿಚಾರಣಾ ಆಯೋಗಗಳ ಕಾಯ್ದೆಯ 3(4)ನೇ ಕಲಮಿನ ಪ್ರಕಾರ, ಆಯೋಗದ ವರದಿ ಕೈಸೇರಿದ ಆರು ತಿಂಗಳೊಳಗೆ ಅದನ್ನು, ಕೈಗೊಂಡ ಕ್ರಮದ ಟಿಪ್ಪಣಿಯೊಂದಿಗೆ, ಸರ್ಕಾರ ಶಾಸನಸಭೆಯ ಮುಂದೆ ಇಡಬೇಕು. ಮುಂದಿನ ದುರಂತದ ನಂತರ ನಿಮ್ಮ ಶಾಸಕರು ಎದುರಿಗೆ ಸಿಕ್ಕರೆ, ಯಾವ ಪಕ್ಷದವರಾದರೂ ಸರಿ, ರಾಜೀನಾಮೆ ಯಾವಾಗ ಎಂದು ಕೇಳಬೇಡಿ. ವರದಿ ಯಾವ ತಾರೀಕಿಗೆ ಬಂತು, ಸದನದಲ್ಲಿ ಯಾವ ತಾರೀಕಿಗೆ ಮಂಡನೆಯಾಯಿತು, ನೀವು ಅದನ್ನು ಓದಿದಿರಾ ಎಂದು ಕೇಳಿ.